ಹದಿನೇಳನೆಯ ಪುಟದ ಜೊತೆ

ಕೆಟ್ಟುಹೋದ ಮುನ್ನೂರು ಪುಸ್ತಕಗಳು ಬೈಂಡಿಂಗ್ ಮನೆಯ ಬಾಗಿಲ ಹಿಂದೆ ಸೊಂಟದೆತ್ತರಕ್ಕೆ ಕೂತಿದ್ದವು. ಪುಸ್ತಕ ಎನ್ನುವುದಕ್ಕೂ ಆಗದು. ದಾರ ಕಾಣದ, ರಟ್ಟು ಕಾಣದ ಹಾಳೆಗಳ ಹೊರೆ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಬಾಗಿಲು ತೆರೆದ ಕೂಡಲೇ ಹೊಲಿಗೆಯಮ್ಮನ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಅದೇ. ಯಾರನ್ನಾದರೂ ಬೈದು ಹಗುರಾಗೋಣವೆಂದರೆ ತಪ್ಪು ಬೇರೆ ಯಾರದೂ ಅಲ್ಲ, ತಮ್ಮದೇ.

ಹೊಲಿಗೆಯಮ್ಮ ಎನ್ನುವುದು ಬೀದಿಯವರು ಇಟ್ಟ ಹೆಸರು. ಮದುವೆಯಾಗಿ ಬಂದ ಮೂರನೆಯ ದಿನ ಯಜಮಾನರು ಅವರ ಕೈಗೆ ಒಂದು ದಬ್ಬಣವನ್ನೂ ಮೇಣ ಸವರಿದ ದಾರವನ್ನೂ ಕೊಟ್ಟಿದ್ದರು. ಅಂದಿನಿಂದ ನಲವತ್ತೊಂದು ವರ್ಷ, ದೊಡ್ಡ ಮೇಜಿನ ಆ ಬದಿಗೆ ಆತ, ಈ ಬದಿಗೆ ಈಕೆ. ಹಾಳೆ ಮಡಿಸುವುದು, ಹೊಲಿಯುವುದು, ಬೆನ್ನಿಗೆ ಅಂಟು ಹಚ್ಚುವುದು ಹೊಲಿಗೆಯಮ್ಮನ ಪಾಲು. ರಟ್ಟು ಕತ್ತರಿಸುವುದು, ಬಟ್ಟೆ ಅಂಟಿಸುವುದು ಯಜಮಾನರ ಪಾಲು. ಇದರ ಜೊತೆಗೆ ಇನ್ನೊಂದು ಕೆಲಸವೂ ಯಜಮಾನರದಾಗಿತ್ತು. ಅದು ಜೋಡಿಪಟ್ಟಿ ಬರೆಯುವುದು.

ಎದುರಿನ ಅಚ್ಚುಕೂಟದ ಯಂತ್ರ ಚಿಕ್ಕದು. ಹಾಳೆಯ ಒಂದು ಮೈಗೆ ಎರಡು ಪುಟ ಒತ್ತುತ್ತದೆ, ಮಗುಚಿ ಹಾಕಿದರೆ ಹಿಂದಿನ ಮೈಗೆ ಇನ್ನೆರಡು. ಅಂಥ ನಾಲ್ಕು ಹಾಳೆಗಳನ್ನು ಒಂದರೊಳಗೊಂದು ಇಟ್ಟು ನಡುವೆ ಮಡಿಸಿದರೆ ಹದಿನಾರು ಪುಟದ ಒಂದು ಫಾರಂ. ಫಾರಮುಗಳನ್ನು ಒಂದರ ಮೇಲೊಂದು ಪೇರಿಸಿ ಹೊಲಿದರೆ ಪುಸ್ತಕ. ಆದರೆ ಮಡಿಸಿದ ಮೇಲೆ ಪುಟಗಳು ಸಾಲಾಗಿ ಬರಬೇಕಾದರೆ, ಮಡಿಸುವ ಮೊದಲು ಅವು ಸಾಲಾಗಿರಬಾರದು. ಒಂದನೆಯ ಪುಟದ ಪಕ್ಕ ಹದಿನಾರು ಕೂರಬೇಕು, ಎರಡರ ಪಕ್ಕ ಹದಿನೈದು. ಯಾವುದರ ಪಕ್ಕ ಯಾವುದು ಎಂದು ಅಚ್ಚಿನವರಿಗೆ ಬರೆದುಕೊಡುವ ಚೀಟಿಯೇ ಜೋಡಿಪಟ್ಟಿ. ಯಜಮಾನರು ಕಿವಿಯ ಮೇಲಿಂದ ಪೆನ್ಸಿಲು ತೆಗೆದು, ತಮ್ಮ ಹೆಸರು ಬರೆದಷ್ಟು ಸಲೀಸಾಗಿ ಅದನ್ನು ಬರೆದು ಮುಗಿಸುತ್ತಿದ್ದರು. ಹೇಗೆ ಎಂದು ಹೊಲಿಗೆಯಮ್ಮ ಒಂದು ದಿನವೂ ಕೇಳಲಿಲ್ಲ. ಕೇಳಲಿ ಎಂದು ಅವರೂ ಕಾದಿರಲಿಲ್ಲ. ಉಸಿರಾಡುವುದು ಹೇಗೆ ಎಂದು ಯಾರಾದರೂ ಕೇಳುತ್ತಾರೆಯೇ.

ಎಂಟು ತಿಂಗಳ ಹಿಂದೆ, ಒಂದು ಮಧ್ಯಾಹ್ನ, ರಟ್ಟಿಗೆ ಗುರುತು ಹಾಕುತ್ತಿದ್ದವರು ಅಳತೆಪಟ್ಟಿಯ ಮೇಲೇ ತಲೆಯಿಟ್ಟರು. ನಿದ್ದೆ ಬಂತೇನೋ ಎಂದು ಹೊಲಿಗೆಯಮ್ಮ ಇನ್ನೂ ಎರಡು ಫಾರಂ ಹೊಲಿದಿದ್ದರು.

ಆಮೇಲೆ ಬಂದವೆಲ್ಲ ಹದಿನಾರು ಪುಟದ ಸಣ್ಣ ಕೆಲಸಗಳು. ಗೋಡೆಗೆ ಅಂಟಿಸಿದ್ದ ಯಜಮಾನರ ಕೈಬರಹದ ಹಳೆಯ ಪಟ್ಟಿ ನೋಡಿಯೇ ನಡೆಯಿತು. ಮೊದಲನೆಯದಕ್ಕೆ ಕೊನೆಯದು ಜೊತೆ, ಎರಡನೆಯದಕ್ಕೆ ಕೊನೆಯದರ ಹಿಂದಿನದು ಜೊತೆ. ಇಷ್ಟೇ ತಾನೆ ಎಂದು ಹೊಲಿಗೆಯಮ್ಮನಿಗೆ ಧೈರ್ಯ ಬಂತು. ತೊಂಬತ್ತಾರು ಪುಟದ ಪುಸ್ತಕ ಬಂದಾಗ ಆ ಧೈರ್ಯದಲ್ಲೇ ಒಂದರ ಪಕ್ಕ ತೊಂಬತ್ತಾರು, ಎರಡರ ಪಕ್ಕ ತೊಂಬತ್ತೈದು ಎಂದು ಸಾಲಾಗಿ ಬರೆದುಕೊಟ್ಟರು. ಅಚ್ಚಾಗಿ ಬಂದ ಹಾಳೆಗಳನ್ನು ನಾಲ್ಕು ನಾಲ್ಕಾಗಿ ಮಡಿಸಿ ನೋಡಿದರೆ, ಎಂಟನೆಯ ಪುಟದ ಬೆನ್ನಿಗೇ ಎಂಬತ್ತೊಂಬತ್ತು. ಇಪ್ಪತ್ತನಾಲ್ಕು ಹಾಳೆಯನ್ನೂ ಒಂದೇ ಮಡಿಕೆಗೆ ಹಾಕಿದರೆ ಪುಸ್ತಕ ಕಪ್ಪೆಯ ಹಾಗೆ ಬಾಯಿ ತೆರೆದು ಕೂತಿತು. ಹೇಗೆ ಮಡಿಸಿದರೂ ಉಳಿಯಲಿಲ್ಲ.

ಅಚ್ಚುಕೂಟದವನನ್ನು ಬೀದಿಯವರು ಮಸಿಯಣ್ಣ ಎನ್ನುತ್ತಿದ್ದರು. ಮದುವೆಯ ಪಟದಲ್ಲಿಯೂ ಅವನ ಉಗುರು ಕಪ್ಪಗೇ ಇತ್ತಂತೆ. ಅವನು ಒಂದು ಸೋಮವಾರ ಬೆಳಿಗ್ಗೆ ಬಂದು, ಬಾಗಿಲ ಹಿಂದಿನ ಹೊರೆ ಕಡೆ ನೋಡದೆ ಮೇಜಿನ ತುದಿಗೆ ಕೂತನು.

"ಅಕ್ಕ, ನಿಮ್ಮ ಮೇಲೆ ಸಿಟ್ಟೇನೂ ಇಲ್ಲ. ನನ್ನದೂ ತಪ್ಪಿದೆ. ಕೊಟ್ಟ ಪಟ್ಟಿಯನ್ನ ಕಣ್ಣು ಮುಚ್ಕೊಂಡು ಒತ್ತಿಬಿಟ್ಟೆ."

"ಕಣ್ಣು ಬಿಟ್ಟಿದ್ರೆ ನಿನಗೇನು ಗೊತ್ತಾಗ್ತಿತ್ತು ತಮ್ಮ?"

"ಅದೂ ನಿಜವೇ. ಅಣ್ಣ ಇದ್ದಾಗ ನಾನು ಆ ಕಡೆ ತಲೆ ಹಾಕಿದವನಲ್ಲ." ಅವನು ಬೆರಳುಗಳನ್ನು ಬಟ್ಟೆಗೆ ಒರೆಸಿದನು. ಮಸಿ ಹೋಗಲಿಲ್ಲ. "ಈಗ ನೂರ ಅರವತ್ತು ಪುಟದ್ದೊಂದು ಬಂದಿದೆ. ಪ್ರಾರ್ಥನೆ ಪುಸ್ತಕ, ದಪ್ಪಕ್ಷರ. ಕಣ್ಣು ಮಂಜಾದವರಿಗೆ ಅಂತ ಮಾಡಿಸ್ತಿದ್ದಾರೆ. ಶನಿವಾರ ಬೆಳಿಗ್ಗೆ ಪಟ್ಟಿ ಕೊಡಬೇಕು. ಮೇಲಿನ ಬೀದಿ ಹೊಸ ಬೈಂಡಿಂಗಿನವರು ಪಟ್ಟಿ, ಮಡಿಕೆ, ಹೊಲಿಗೆ ಎಲ್ಲಾ ಒಟ್ಟಿಗೆ ಮಾಡಿಕೊಡ್ತೀವಿ ಅಂತಾರೆ. ಒಂದೊಂದು ಕೆಲಸ ಒಂದೊಂದು ಕಡೆ ಅಂದ್ರೆ ಅವರು ಒಪ್ಪಲ್ಲ. ಇದೂ ಕೆಟ್ರೆ ನಾನು ಎಲ್ಲಾ ಅಲ್ಲಿಗೇ ಒಯ್ಯಬೇಕಾಗುತ್ತೆ. ಹೇಳದೆ ಒಯ್ಯಬಾರದು ಅಂತ ಬಂದು ಹೇಳ್ತಿದೀನಿ."

"ಹೇಳಿದ್ದು ಒಳ್ಳೇದಾಯ್ತು," ಎಂದರು ಹೊಲಿಗೆಯಮ್ಮ. ಅವನು ಹೋದ ಮೇಲೆ ಬಹಳ ಹೊತ್ತು ಮೇಜನ್ನೇ ನೋಡಿದರು. ಆ ಬದಿ ಬರಿದಾಗಿ ಎಂಟು ತಿಂಗಳಾಯಿತು. ಇನ್ನು ಶನಿವಾರದ ಹೊತ್ತಿಗೆ ಈ ಬದಿಯೂ ಬರಿದಾಗುವುದೋ, ಇಲ್ಲವೋ.

ಮಗಳ ಮಗಳು ಅದೇ ಮನೆಯ ಮಹಡಿಯಲ್ಲಿ ಬೆಳೆಯುತ್ತಿದ್ದಳು. ಒಂಬತ್ತನೆಯ ತರಗತಿ, ಲೆಕ್ಕದಲ್ಲಿ ನೂರಕ್ಕೆ ತೊಂಬತ್ತೆಂಟಕ್ಕಿಂತ ಕೆಳಗೆ ಇಳಿದವಳಲ್ಲ. ತಾತನೇ ಅವಳಿಗೆ ಪಂಡಿತೆ ಎಂದು ಹೆಸರಿಟ್ಟದ್ದು. ಸಂಜೆ ಶಾಲೆಯ ಚೀಲ ಇಳಿಸಿದವಳನ್ನು ಅಜ್ಜಿ ಕೆಳಗೆ ಕರೆದರು. ಅವಳು ಗೋಡೆಯ ಪಟ್ಟಿಯನ್ನು ಒಮ್ಮೆ ನೋಡಿ, ನಕ್ಕಳು.

"ಅಜ್ಜಿ, ಇದು ತುಂಬಾ ಸುಲಭ. ಒಂದೂ ಹದಿನಾರೂ ಕೂಡಿಸು."

"ಹದಿನೇಳು."

"ಎರಡೂ ಹದಿನೈದೂ?"

"ಹದಿನೇಳು."

"ಮೂರೂ ಹದಿನಾಲ್ಕೂ?"

"ಹದಿನೇಳೇ." ಹೊಲಿಗೆಯಮ್ಮ ಕನ್ನಡಕ ಸರಿಮಾಡಿಕೊಂಡರು. ಇಷ್ಟು ದಿನ ಆ ಪಟ್ಟಿ ಗೋಡೆಯ ಮೇಲಿತ್ತು. ಅದರೊಳಗೆ ಇಂಥದೊಂದು ಅಡಗಿ ಕೂತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. "ಯಾಕೆ ಹದಿನೇಳು?"

"ಯಾಕೆ ಅಂದ್ರೆ? ಹಾಗೇ ಬರುತ್ತೆ. ಇದು ಸೂತ್ರ ಅಜ್ಜಿ. ಯಾವ ಪುಟ ಕೊಟ್ಟರೂ ಹದಿನೇಳರಿಂದ ಕಳೆದ್ರೆ ಅದರ ಜೊತೆ ಸಿಗುತ್ತೆ. ಪರೀಕ್ಷೆಯಲ್ಲಿ ಯಾಕೆ ಅಂತ ಕೇಳಲ್ಲ."

"ಯಾಕೆ ಅಂತ ಕೇಳದೆ ನಿನ್ನ ತಾತ ಚಹಾ ಕೂಡ ಕುಡೀತಿರಲಿಲ್ಲ. ಸರಿ, ಎರಡನೇ ಫಾರಮಿಗೆ?"

"ಎರಡನೇದಕ್ಕೆ ಎರಡು ಹದಿನೇಳು, ಮೂವತ್ತನಾಲ್ಕು. ಮೂರನೇದಕ್ಕೆ ಐವತ್ತೊಂದು. ಹತ್ತನೇದಕ್ಕೆ ನೂರ ಎಪ್ಪತ್ತು." ಮಾತು ಮುಗಿಯುವಷ್ಟರಲ್ಲಿ ಕಾಗದದ ಮೇಲೆ ಹತ್ತೂ ಸಂಖ್ಯೆ ಬಿದ್ದಿದ್ದವು. ನೀರು ಇಳಿಜಾರಿಗೆ ಹರಿದ ಹಾಗೆ ಅವಳ ಕೈ ಹರಿಯಿತು. ಹೊಲಿಗೆಯಮ್ಮ ಬೆರಗಾಗಿ ಅವಳ ತಲೆ ಸವರಿದರು. ಅವಳು ಮೇಲೆ ಹೋದಳು.

ಹೊಲಿಗೆಯಮ್ಮ ನಾಲ್ಕನೆಯ ತರಗತಿಯವರೆಗೆ ಓದಿದವರು. ಕೂಡುವುದು, ಕಳೆಯುವುದು ಬರುತ್ತಿತ್ತು, ಆದರೆ ನಿಧಾನ. ಮೊದಲನೆಯ ಫಾರಂ ಬರೆದರು. ಗೋಡೆಯ ಪಟ್ಟಿಗೆ ಸರಿಹೋಯಿತು. ಎರಡನೆಯದಕ್ಕೆ ಹದಿನೇಳನೆಯ ಪುಟ ಎಂದು ಬರೆದು, ಮೂವತ್ತನಾಲ್ಕರಿಂದ ಹದಿನೇಳು ಕಳೆದರು. ಹದಿನೇಳು ಬಂತು. ಕಣ್ಣು ಒರೆಸಿಕೊಂಡು ಮತ್ತೆ ಕಳೆದರು. ಮತ್ತೆ ಹದಿನೇಳು. ವಯಸ್ಸಾಯಿತು, ಕಳೆಯುವುದೂ ಕೈಬಿಟ್ಟಿತು ಎಂದುಕೊಂಡು ಮೂರನೆಯ ಸಲ ಬೆರಳು ಮಡಿಸಿ ಎಣಿಸಿದರು. ಆಮೇಲೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು.

"ಪಂಡಿತೆ, ಸ್ವಲ್ಪ ಇಳಿದು ಬಾ. ಹದಿನೇಳಕ್ಕೆ ಜೊತೆ ಯಾರು?"

ಅವಳು ಮೆಟ್ಟಿಲ ಮೇಲಿಂದಲೇ ಹೇಳಿದಳು. "ಮೂವತ್ತನಾಲ್ಕರಲ್ಲಿ ಹದಿನೇಳು ಹೋದ್ರೆ ಹದಿನೇಳು."

"ಅದಕ್ಕೆ ಅದೇ ಜೊತೆಯಾ? ಕನ್ನಡಿ ನೋಡ್ಕೊಂಡು ಮದುವೆ ಆದ ಹಾಗಾಯ್ತಲ್ಲ."

ಹುಡುಗಿ ಇಳಿದು ಬಂದಳು. ಕಾಗದ ನೋಡಿದಳು. ಅವಳ ಕಿವಿ ಕೆಂಪಾಯಿತು. "ಲೆಕ್ಕ ಸರಿಯಾಗೇ ಇದೆ."

"ಕಳೆದದ್ದು ಸರಿ ಮಗಳೇ. ಆದ್ರೆ ಒಂದೇ ಪುಟ ಹಾಳೆಯ ಎರಡೂ ಕಡೆ ಕೂತ್ಕೊಳ್ಳೋದು ಹೇಗೆ? ಇನ್ನೊಂದು ನೋಡು. ತೆರೆದ ಪುಸ್ತಕದಲ್ಲಿ ಎಡಗಡೆ ಯಾವಾಗಲೂ ಸಮ, ಬಲಗಡೆ ಬೆಸ. ನಲವತ್ತೊಂದು ವರ್ಷ ಮಡಿಸಿದೀನಿ, ಎರಡು ಬೆಸ ಒಂದೇ ಮೈಮೇಲೆ ಕೂತಿದ್ದು ಕಂಡಿಲ್ಲ. ಸಮ, ಬೆಸ ಕೂಡಿದ್ರೆ ಮೂವತ್ತನಾಲ್ಕು ಬರುತ್ತಾ?"

ಬರುವುದಿಲ್ಲ. ಅದು ಅವಳಿಗೆ ಐದನೆಯ ತರಗತಿಯಿಂದ ಗೊತ್ತು. "ಹಾಗಾದ್ರೆ ಮೂವತ್ತೈದು ಇರಬೇಕು," ಎಂದಳು.

"ಇರಬೇಕು ಅಂತ ಒಂದು ಸಲ ಬರೆದುಕೊಟ್ಟಿದ್ದು ಬಾಗಿಲ ಹಿಂದೆ ಕೂತಿದೆ."

ಅಜ್ಜಿ ತಮಾಷೆಗೆ ಹೇಳಿದ್ದು. ಹುಡುಗಿಗೆ ತಮಾಷೆಯಾಗಿ ಕೇಳಿಸಲಿಲ್ಲ. ಉತ್ತರ ತಪ್ಪಿ ಅಭ್ಯಾಸವಿಲ್ಲದ ಮಗು. ಪೆನ್ಸಿಲನ್ನು ಮೇಜಿನ ಮೇಲಿಟ್ಟು, "ನಾಳೆ ನನಗೆ ಇತಿಹಾಸ ಕಿರುಪರೀಕ್ಷೆ ಇದೆ," ಎಂದು ಮೇಲೆ ಹೋದಳು.

ಮರುದಿನ ಬೆಳಿಗ್ಗೆ ಹೊಲಿಗೆಯಮ್ಮ ಎಂದಿನಂತೆ ಪ್ರಾರ್ಥನೆಗೆ ಕೂತರು. ಉತ್ತರ ಹೇಳು ಎಂದು ದೇವರನ್ನು ಕೇಳಲಿಲ್ಲ. ಇಂಥ ಸಣ್ಣ ಕೆಲಸಕ್ಕೆ ಅವನನ್ನು ಎಳೆಯಬಾರದು ಎನ್ನುವುದು ಅವರ ನಂಬಿಕೆ. ಗಾಬರಿಯಾಗದ ಹಾಗೆ ನೋಡಿಕೋ, ಅಷ್ಟು ಸಾಕು ಎಂದು ಕೇಳಿಕೊಂಡು ಎದ್ದರು.

ಎದ್ದವರು ಪಟ್ಟಿಯ ಕಡೆ ಹೋಗಲಿಲ್ಲ. ತಮಗೆ ಬರುವುದೇನು ಎಂದು ಯೋಚಿಸಿದರು. ಬರುವುದು ಮಡಿಸುವುದು. ಎಂಟು ಖಾಲಿ ಹಾಳೆ ತೆಗೆದು, ನಾಲ್ಕು ನಾಲ್ಕಾಗಿ ಮಡಿಸಿ, ಎರಡು ಫಾರಂ ಮಾಡಿ ಒಂದರ ಮೇಲೊಂದು ಇಟ್ಟರು. ಅಚ್ಚಾದ ಪುಸ್ತಕವನ್ನು ತಿರುವಿದ ಹಾಗೆ ಪುಟ ತಿರುವುತ್ತ ಮೂಲೆಯಲ್ಲಿ ಒಂದರಿಂದ ಮೂವತ್ತೆರಡರವರೆಗೆ ಬರೆದರು. ನಲವತ್ತೊಂದು ವರ್ಷದಲ್ಲಿ ಒಂದು ದಿನವೂ ಹೀಗೆ ಮಾಡಿರಲಿಲ್ಲ. ಮಡಿಕೆಯ ಬೆನ್ನಿನ ಮೇಲೆ ಅಚ್ಚಾದ ಗುರುತು ನೋಡಿ ಫಾರಂ ಪೇರಿಸುತ್ತಿದ್ದ ಕೈಗೆ ಪುಟಸಂಖ್ಯೆಯ ಹಂಗೇ ಇರಲಿಲ್ಲ. ಆಮೇಲೆ ಎರಡನೆಯ ಫಾರಂ ಬಿಚ್ಚಿ ಹಾಳೆಗಳನ್ನು ಚಪ್ಪಟೆಯಾಗಿ ಹರಡಿದರು.

ಹದಿನೇಳರ ಪಕ್ಕದಲ್ಲಿ ಮೂವತ್ತೆರಡು ಕೂತಿತ್ತು.

ಕೂಡಿಸಿದರು, ನಲವತ್ತೊಂಬತ್ತು. ಹದಿನೆಂಟರ ಪಕ್ಕ ಮೂವತ್ತೊಂದು, ಅದೂ ನಲವತ್ತೊಂಬತ್ತು. ನಡುಹಾಳೆಯ ಇಪ್ಪತ್ತನಾಲ್ಕು, ಇಪ್ಪತ್ತೈದರವರೆಗೂ ಹೋದರು. ಎಂಟೂ ಜೋಡಿ ನಲವತ್ತೊಂಬತ್ತೇ. ಉತ್ತರ ಸಿಕ್ಕಿತು, ಆದರೆ ಉತ್ತರ ಸಿಕ್ಕಿತೆಂದು ಕೈಬಿಡಲು ಈ ಸಲ ಧೈರ್ಯವಾಗಲಿಲ್ಲ. ಹಾಳೆಗಳನ್ನು ಮತ್ತೆ ಮಡಿಸಿದರು, ಬಿಚ್ಚಿದರು, ಮಡಿಸಿದರು. ಮುಂದಿನಿಂದ ಒಂದು ಬೆರಳು, ಹಿಂದಿನಿಂದ ಒಂದು ಬೆರಳು ಇಟ್ಟು ಒಳಗೊಳಗೆ ಸರಿದರು. ಮಧ್ಯಾಹ್ನದ ಅಡುಗೆ ಒಲೆಯ ಮೇಲೆ ಸೀದಿತು.

ಸಂಜೆ ಹುಡುಗಿ ತಾನಾಗಿಯೇ ಬಂದು ಬಾಗಿಲಿಗೆ ಒರಗಿ ನಿಂತಳು. "ಸಿಕ್ತಾ?"

"ಬಾ, ಕೂತ್ಕೋ. ನಾನು ಹೇಳಲ್ಲ, ಬೆರಳಿಟ್ಟು ನೋಡು. ಮುಂದಿನಿಂದ ಒಂದು ಪುಟ ಒಳಗೆ ಹೋಗು. ಏನಾಯ್ತು?"

"ಹದಿನೇಳು ಹೋಗಿ ಹದಿನೆಂಟಾಯ್ತು."

"ಹಿಂದಿನಿಂದ ಒಂದು ಪುಟ ಒಳಗೆ ಬಾ."

"ಮೂವತ್ತೆರಡು ಹೋಗಿ ಮೂವತ್ತೊಂದು." ಬೆರಳುಗಳು ಇನ್ನೊಂದು ಪುಟ ಒಳಗೆ ಸರಿದವು, ಇನ್ನೊಂದು. "ಒಂದು ಕಡೆ ಏರಿದಷ್ಟೂ ಇನ್ನೊಂದು ಕಡೆ ಇಳಿಯುತ್ತೆ."

"ಬಾವಿಗೆ ಎರಡು ಬಿಂದಿಗೆ ಕಟ್ಟಿದ ಹಗ್ಗದ ಹಾಗೆ. ಈ ಬಿಂದಿಗೆ ಒಂದು ಮೊಳ ಏರಿದ್ರೆ ಆ ಬಿಂದಿಗೆ ಒಂದು ಮೊಳ ಇಳೀತು. ಹಗ್ಗ ಉದ್ದ ಆಗಲ್ಲ, ಗಿಡ್ಡ ಆಗಲ್ಲ."

"ಅದಕ್ಕೇ ಮೊತ್ತ ಬದಲಾಗಲ್ಲ," ಎಂದಳು ಹುಡುಗಿ, ಮೆಲ್ಲಗೆ.

"ನನ್ನ ತಪ್ಪೂ ಈಗ ಗೊತ್ತಾಯ್ತು ಕಣೇ. ಪ್ರತಿ ಫಾರಮಿಗೂ ತನ್ನದೇ ಮುಂಬಾಗಿಲು, ತನ್ನದೇ ಹಿಂಬಾಗಿಲು. ನಾನು ಇಡೀ ಬೀದಿನೇ ಒಂದು ಮನೆ ಅಂದ್ಕೊಂಡೆ. ಆ ತುದಿಯವರನ್ನ ಕರೆದು ಈ ತುದಿಯವರ ಪಕ್ಕ ಕೂರಿಸಿದೆ."

ಹುಡುಗಿ ನಗಲಿಲ್ಲ. ಅವಳು ಹದಿನೇಳು, ನಲವತ್ತೊಂಬತ್ತು ಎಂದು ಕಾಗದದ ಮೇಲೆ ಬರೆದು ಎರಡರ ನಡುವೆ ಗೀರು ಎಳೆದಿದ್ದಳು. "ಮೂವತ್ತೆರಡು ಹೆಚ್ಚಾಗಿದೆ. ಯಾಕೆ? ಒಂದು ಫಾರಮಿಗೆ ಹದಿನಾರೇ ತಾನೆ ಪುಟ?"

ಯಾಕೆ ಎಂದು ಅವಳ ಬಾಯಿಂದ ಬಂದದ್ದನ್ನು ಹೊಲಿಗೆಯಮ್ಮ ಗಮನಿಸಿದರು. ಉತ್ತರ ಅವರಿಗೂ ಗೊತ್ತಿರಲಿಲ್ಲ. ಹುಡುಗಿ ಮೊದಲ ಫಾರಮಿನ ಹೊರಹಾಳೆಯನ್ನು ಎಡಗೈಯಲ್ಲಿ, ಎರಡನೆಯದರ ಹೊರಹಾಳೆಯನ್ನು ಬಲಗೈಯಲ್ಲಿ ಹಿಡಿದು ನೋಡಿದಳು. ಒಂದೂ ಹದಿನಾರೂ ಇಲ್ಲಿ. ಹದಿನೇಳೂ ಮೂವತ್ತೆರಡೂ ಅಲ್ಲಿ.

"ಎರಡೂ ಪುಟ," ಎಂದಳು. "ಎರಡೂ ಹದಿನಾರು ಹದಿನಾರು ಮುಂದೆ ಹೋಗಿದಾವೆ. ಜೊತೆಯಲ್ಲಿ ಒಬ್ಬರೇ ಹೋಗೋಕಾಗಲ್ಲ."

ಆಮೇಲೆ ಎಂಬತ್ತೊಂದು, ನೂರ ಹದಿಮೂರು ಎಂದು ಮೂವತ್ತೆರಡು ಕೂಡುತ್ತ ಹೋದಳು. ಹತ್ತನೆಯದಕ್ಕೆ ಮುನ್ನೂರ ಐದು ಬಂತು. ಅಜ್ಜಿ ಬೇರೆ ದಾರಿಯಲ್ಲಿ ಹೋದರು. ಹತ್ತನೆಯ ಫಾರಮಿನ ಮುಂಬಾಗಿಲು ನೂರ ನಲವತ್ತೈದು, ಹಿಂಬಾಗಿಲು ನೂರ ಅರವತ್ತು. ಕೂಡಿಸಿದರೆ ಅದೇ ಮುನ್ನೂರ ಐದು. ಇಬ್ಬರೂ ಒಬ್ಬರ ಕಾಗದ ಒಬ್ಬರು ನೋಡಿಕೊಂಡರು. ಹುಡುಗಿ ಕೆಳಗೆ ಇನ್ನೊಂದು ಸಾಲು ಬರೆದಳು: ಮೂವತ್ತೆರಡು, ಪಕ್ಕದಲ್ಲಿ ಎನ್, ಅದರಿಂದ ಹದಿನೈದು ಕಳೆ.

"ಈ ಎನ್ ಯಾರು?"

"ಎಷ್ಟನೇ ಫಾರಂ ಬೇಕೋ ಅಷ್ಟು. ಕುರ್ಚಿ ಹಾಕಿಟ್ಟ ಹಾಗೆ ಅಜ್ಜಿ. ಒಂದು ಬಂದ್ರೆ ಒಂದು ಕೂರುತ್ತೆ, ಹತ್ತು ಬಂದ್ರೆ ಹತ್ತು."

"ನಿಮ್ಮ ಮೇಷ್ಟ್ರು ಚೆನ್ನಾಗಿ ಹೇಳಿಕೊಟ್ಟಿದ್ದಾರೆ."

"ಅವರು ಹೇಳಿದ್ದಲ್ಲ." ಹುಡುಗಿ ತನ್ನ ಬರಹವನ್ನೇ ನೋಡುತ್ತಿದ್ದಳು. "ಅವರು ಎನ್ ಅಂದ್ರೆ ಎನ್ ಅಂದಿದ್ರು. ಇದು ಈಗ ನಾನೇ ಹೇಳಿದ್ದು."

ಬುಧವಾರ ಹೊಲಿಗೆಯಮ್ಮ ಬರೆಯಲು ಕೂತರು. ತಿಳಿಯಿತು ಎಂದು ಕೈ ಓಡಲಿಲ್ಲ. ಹತ್ತು ಫಾರಮಿಗೆ ಎಂಬತ್ತು ಜೋಡಿ. ಮೊದಲ ದಿನ ಹದಿನೆಂಟು ಬರೆಯುವಷ್ಟರಲ್ಲಿ ಸೊಂಟ ಹಿಡಿಯಿತು, ಅದರಲ್ಲೂ ಮೂರು ತಪ್ಪು. ದಶಕ ಎರವಲು ತಂದದ್ದನ್ನು ಮರೆಯುತ್ತಿದ್ದರು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಹೊಲಿಗೆಯ ಗಂಟು ಹಾಕುವುದು ಹೇಗೆಂದು ಮದುವೆಯಾದ ವಾರವೇ ಅವರಿಗೆ ತಿಳಿದಿತ್ತು. ಅದು ಬೆರಳಿಗೆ ಬರಲು ನಾಲ್ಕು ತಿಂಗಳು ಹಿಡಿದಿತ್ತು, ಅಷ್ಟರಲ್ಲಿ ಎಷ್ಟು ದಾರ ಹರಿದಿತ್ತೋ. ತಲೆಗೆ ಬಂದದ್ದು ಬೆರಳಿಗೆ ಇಳಿಯುವ ದಾರಿ ದೂರ, ನಡೆದೇ ಹೋಗಬೇಕು.

ಗುರುವಾರದ ಹೊತ್ತಿಗೆ ಕಳೆಯುವ ಅಗತ್ಯವೇ ಕಡಿಮೆಯಾಯಿತು. ಮೊದಲ ಜೋಡಿ ಒಂದು ಸರಿಯಾದರೆ ಮುಂದಿನವು ಏರುತ್ತ, ಇಳಿಯುತ್ತ ತಾವೇ ಬರುತ್ತಿದ್ದವು. ಪ್ರತಿ ಜೋಡಿಯ ಎಡಗಡೆ ಸಮ ಬಂದಿದೆಯೇ ಎಂದು ಒಂದು ಕಣ್ಣು, ನಡುಹಾಳೆಯಲ್ಲಿ ಅಕ್ಕಪಕ್ಕದ ಸಂಖ್ಯೆಗಳೇ ಬಂದು ಮುಟ್ಟಿದವೇ ಎಂದು ಇನ್ನೊಂದು ಕಣ್ಣು. ಮುಟ್ಟದಿದ್ದರೆ ಎಲ್ಲೋ ಎಡವಿದೆ. ಒಮ್ಮೆ ಮುಟ್ಟಲಿಲ್ಲ, ಹಿಂದಕ್ಕೆ ಹೋಗಿ ತಾವೇ ಹಿಡಿದರು. ಹುಡುಗಿ ಸಂಜೆ ಬಂದು ಪರೀಕ್ಷೆ ಮಾಡುತ್ತಿದ್ದಳು, ಅಜ್ಜಿಯ ತಪ್ಪು ಸಿಕ್ಕಿದರೆ ಕೆಂಪು ಪೆನ್ಸಿಲಿನಲ್ಲಿ ದೊಡ್ಡ ಸೊನ್ನೆ ಹಾಕುತ್ತಿದ್ದಳು. ಶುಕ್ರವಾರ ಅವಳ ಕೆಂಪು ಪೆನ್ಸಿಲಿಗೆ ಕೆಲಸ ಸಿಗಲಿಲ್ಲ.

ಶನಿವಾರ ಬೆಳಿಗ್ಗೆ ಶಾಲೆ. ಹುಡುಗಿ ಹೋಗಿ ಅರ್ಧ ಗಂಟೆಯಾಗಿತ್ತು. ಮಸಿಯಣ್ಣ ಬಾಗಿಲಲ್ಲೇ ನಿಂತು, ಪಟ್ಟಿಗೆ ಕೈ ಚಾಚುವ ಮೊದಲು ತಲೆ ಕೆರೆದುಕೊಂಡನು.

"ಅಕ್ಕ, ಸಣ್ಣದೊಂದು ಬದಲಾವಣೆ. ಕೊನೆಯ ಎಂಟು ಪುಟ ಬೇಡ ಅಂತ ಹೇಳಿಕಳಿಸಿದ್ದಾರೆ. ನೂರ ಐವತ್ತೆರಡಕ್ಕೇ ಮುಗೀತು. ಯಂತ್ರ ಖಾಲಿ ನಿಂತಿದೆ, ಪಟ್ಟಿ ಈಗಲೇ ಬೇಕು. ಹತ್ತನೇ ಫಾರಮಿನಲ್ಲಿ ಎರಡು ಹಾಳೆ ಹೊಡೆದುಹಾಕಿ ಕೊಟ್ಟುಬಿಡಿ, ಉಳ್ದಿದ್ದು ಒತ್ತುತೀನಿ."

"ಯಾವ ಎರಡು?"

"ಯಾವುದೋ. ಕೊನೇವು."

ಹೊಲಿಗೆಯಮ್ಮ ಪಟ್ಟಿಯ ಕೊನೆಯ ಹಾಳೆ ತೆಗೆದರು. ನೂರ ನಲವತ್ತೈದರ ಪಕ್ಕ ನೂರ ಅರವತ್ತು, ನೂರ ನಲವತ್ತಾರರ ಪಕ್ಕ ನೂರ ಐವತ್ತೊಂಬತ್ತು. ಯಾವ ಸಾಲು ನೋಡಿದರೂ ಇದ್ದ ಪುಟಕ್ಕೆ ಈಗ ಇಲ್ಲದ ಪುಟ ಜೊತೆ. ಹಾಳೆ ಹೊಡೆದುಹಾಕಿದರೆ ಬೇಕಾದ ಪುಟವೂ ಹೋಗುತ್ತದೆ. ಮೊಮ್ಮಗಳ ಸೂತ್ರ ಬರೆದ ಕಾಗದ ಪಕ್ಕದಲ್ಲೇ ಇತ್ತು. ಹತ್ತನೆಯದಕ್ಕೆ ಅದು ಮುನ್ನೂರ ಐದನ್ನೇ ಹೇಳುತ್ತಿತ್ತು. ಸೂತ್ರಕ್ಕೆ ಇವತ್ತಿನ ಸುದ್ದಿ ಮುಟ್ಟಿರಲಿಲ್ಲ.

ಮಸಿಯಣ್ಣನ ಕಾಲು ನೆಲವನ್ನು ತಟ್ಟುತ್ತಿತ್ತು.

"ಕೂತ್ಕೋ ತಮ್ಮ. ಕಾಲು ಅಲ್ಲಾಡಿಸಬೇಡ, ನನ್ನ ಲೆಕ್ಕ ಅಲ್ಲಾಡುತ್ತೆ."

ಅವನು ಕೂತನು. ಹೊಲಿಗೆಯಮ್ಮ ಕಣ್ಣು ಮುಚ್ಚಿದರು. ಅವನು ಪ್ರಾರ್ಥನೆ ಎಂದುಕೊಂಡನು. ಅವರು ಮನಸ್ಸಿನಲ್ಲಿ ಹಾಳೆ ಮಡಿಸುತ್ತಿದ್ದರು. ಉಳಿದದ್ದು ಎಂಟು ಪುಟ. ಎಂಟು ಪುಟಕ್ಕೆ ಎರಡೇ ಹಾಳೆ. ಚಿಕ್ಕ ಮನೆ, ಆದರೂ ಮನೆ. ಮುಂಬಾಗಿಲು ನೂರ ನಲವತ್ತೈದು, ಹಿಂಬಾಗಿಲು ನೂರ ಐವತ್ತೆರಡು. ಒಂದು ಬೆರಳು ಏರಿತು, ಒಂದು ಬೆರಳು ಇಳಿಯಿತು. ಕಣ್ಣು ತೆರೆದು ನಾಲ್ಕು ಸಾಲು ಬರೆದರು: ನೂರ ಐವತ್ತೆರಡು, ನೂರ ನಲವತ್ತೈದು. ನೂರ ನಲವತ್ತಾರು, ನೂರ ಐವತ್ತೊಂದು. ನೂರ ಐವತ್ತು, ನೂರ ನಲವತ್ತೇಳು. ನೂರ ನಲವತ್ತೆಂಟು, ನೂರ ನಲವತ್ತೊಂಬತ್ತು. ಎಡಗಡೆ ಎಲ್ಲ ಸಮ. ನಡುವೆ ಅಕ್ಕಪಕ್ಕದವರು ಬಂದು ಮುಟ್ಟಿದರು. ಕೂಡಿಸಿದರು, ನಾಲ್ಕೂ ಸಲ ಇನ್ನೂರ ತೊಂಬತ್ತೇಳು.

"ತಗೋ," ಎಂದರು.

ಹಿಂದಿನ ಸಲ ಕಣ್ಣು ಮುಚ್ಚಿ ಒತ್ತಿದವನು ಈ ಸಲ ಎರಡು ರದ್ದಿ ಕಾಗದ ಎಳೆದುಕೊಂಡು, ಪಟ್ಟಿಯಂತೆ ಎಂಟೂ ಸಂಖ್ಯೆ ಬರೆದು, ಒಂದರೊಳಗೊಂದು ಇಟ್ಟು ಮಡಿಸಿದನು. ಕಪ್ಪು ಬೆರಳಿನಿಂದ ಒಂದೊಂದಾಗಿ ತಿರುವಿದನು. ತುಟಿ ಅಲ್ಲಾಡುತ್ತಿತ್ತು. ನೂರ ಐವತ್ತೆರಡಕ್ಕೆ ಬಂದು ನಿಂತನು. ಆದರೂ ಮುನ್ನೂರು ಪುಸ್ತಕದ ಕಹಿ ಇನ್ನೂ ನಾಲಿಗೆಯಲ್ಲಿತ್ತು. ಪಟ್ಟಿಯನ್ನು ತನ್ನ ಕಡೆಗೆ ಮರೆಮಾಡಿ ಹಿಡಿದನು.

"ಆರನೇ ಫಾರಂ. ಎಂಬತ್ತೆಂಟರ ಪಕ್ಕ ಯಾರು ಅಕ್ಕ?"

"ಎಂಬತ್ತೊಂಬತ್ತು. ಅದು ನಡುಹಾಳೆ, ದಾರ ಅವರಿಬ್ಬರ ಮಧ್ಯೆನೇ ಹೋಗುತ್ತೆ."

ಮಸಿಯಣ್ಣ ಪಟ್ಟಿ ಇಳಿಸಿದನು. "ಅಣ್ಣ ಯಾವಾಗ ಹೇಳಿಕೊಟ್ಟಿದ್ರು ಇದನ್ನೆಲ್ಲ?"

"ಅವರು ಹೇಳಿಕೊಡಲಿಲ್ಲ. ನಾನೂ ಕೇಳಲಿಲ್ಲ." ಹೊಲಿಗೆಯಮ್ಮ ಪೆನ್ಸಿಲಿನ ಪುಡಿಯನ್ನು ಅಂಗೈಯಿಂದ ಒರೆಸಿ ಒಟ್ಟು ಮಾಡಿದರು. "ಕೇಳಿದ್ರೆ ಖುಷಿ ಪಡ್ತಿದ್ರು ಅಂತ ಈಗ ಅನ್ನಿಸುತ್ತೆ. ಇಂಥದ್ದೊಂದು ಇಟ್ಕೊಂಡು ನಲವತ್ತೊಂದು ವರ್ಷ ಒಬ್ಬರೇ ಕೂತಿದ್ರಲ್ಲ."

ಮಸಿಯಣ್ಣ ಪಟ್ಟಿಯನ್ನು ಮಡಿಸದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಬೀದಿ ದಾಟಿದನು. ಸ್ವಲ್ಪ ಹೊತ್ತಿಗೆ ಯಂತ್ರದ ಸದ್ದು ಶುರುವಾಯಿತು.

ಮಧ್ಯಾಹ್ನ ಹುಡುಗಿ ಬಂದವಳು ಚೀಲ ಇಳಿಸುವ ಮೊದಲೇ ಕೇಳಿದಳು. ಎಂಟು ಪುಟ ಹೋದ ಕಥೆಯನ್ನು ಅಜ್ಜಿ ಹೇಳಿದರು. "ಅದಕ್ಕೇನು, ಎನ್ ಹತ್ತು, ಮುನ್ನೂರ ಐ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಹೊಲಿಗೆಯಮ್ಮ ಎರಡು ಹಾಳೆಯನ್ನು ಅವಳ ಮುಂದೆ ತಳ್ಳಿದರು. ಅವಳು ಮಡಿಸುತ್ತ, ಪುಟ ಬರೆಯುತ್ತ, ಅಜ್ಜಿಯನ್ನು ಮರೆತು ಕೂತಳು. ಊಟಕ್ಕೆ ಕರೆದರೆ, "ಇರು ಅಜ್ಜಿ, ಹೇಳಬೇಡ," ಎಂದಳು. ಹೇಳುವ ಯೋಚನೆ ಅಜ್ಜಿಗೆ ಇರಲಿಲ್ಲ.

ಆಗ ಎದುರು ಕಿಟಕಿಯಿಂದ ಮಸಿಯಣ್ಣನ ತಲೆ ಹೊರಗೆ ಬಂತು. ಯಂತ್ರದ ಸದ್ದಿನ ಮೇಲೆ ಕೂಗಿ ಹೇಳಿದನು.

"ಅಕ್ಕ, ಮುಂದಿನ ವಾರ ಇನ್ನೂರ ಎಂಟು ಪುಟದ್ದು ಬರ್ತಿದೆ. ನಿಮಗೇ ಅಂತ ಹೇಳಿಬಿಟ್ಟಿದೀನಿ."

"ಹದಿಮೂರು ಫಾರಂ," ಎಂದರು ಹೊಲಿಗೆಯಮ್ಮ, ಬಾಗಿಲಿಗೆ ಬಂದು. "ಪೂರ್ತಿ ಹದಿಮೂರಾ, ಇಲ್ಲ ಆಮೇಲೆ ಬಾಲ ಕತ್ತರಿಸ್ತೀಯಾ?"

"ಈ ಸಲ ಕತ್ತರಿಸಲ್ಲ."

"ಕತ್ತರಿಸಿದ್ರೂ ಪರವಾಗಿಲ್ಲ ತಮ್ಮ. ಎಷ್ಟು ಪುಟ ಉಳೀತು ಅಂತ ಮಾತ್ರ ಸರಿಯಾಗಿ ಎಣಿಸಿ ಹೇಳು."